ಲೊಮಿಗ್‌ನ ನೂರ ಎಂಬತ್ತು ಕುರ್ಚಿಗಳು

ಪುರಾಣದ ವೀರರಿಗೆ ರಥವಿರುತ್ತದೆ. ನಮ್ಮ ಪ್ಲುಗಾರ್ನೆವ್‌ನ ಲೊಮಿಗ್ ಕೆರ್‌ಬೊರಿಯುಗೆ ಇರುವುದು ಸೆಪ್ಟಿಕ್ ಟ್ಯಾಂಕ್ ಹೀರುವ ಲಾರಿ. ವೀರರ ರಥದ ಬಾವುಟ ಹರದಾರಿ ದೂರದಿಂದ ಕಾಣುತ್ತಿತ್ತಂತೆ. ಲೊಮಿಗ್‌ನ ಲಾರಿಗೆ ಬಾವುಟ ಬೇಕಿಲ್ಲ, ಗಾಳಿ ಸಾಕು. ಫ್ರಾನ್ಸಿನ ಬ್ರಿಟನಿಯ ನಡುಭಾಗದ ನಮ್ಮ ಏಳು ಊರುಗಳಲ್ಲಿ ಅವನಿಗೆ ಎದುರಾಗಿ ನಿಲ್ಲುವ ಗಂಡಸು ಇನ್ನೂ ಹುಟ್ಟಿಲ್ಲ. ಎಲ್ಲರೂ ಕಾರಿನ ಗಾಜು ಏರಿಸಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ವಯಸ್ಸು ಅರವತ್ತಮೂರು. ಕುಳ್ಳ. ಎದೆ ಪೀಪಾಯಿಯ ಹಾಗೆ, ಕಾಲು ಆ ಪೀಪಾಯಿಯ ಕೆಳಗಿಟ್ಟ ಎರಡು ಇಟ್ಟಿಗೆಯ ಹಾಗೆ. ಯಾರ ಮನೆಯ ಗುಂಡಿಯಲ್ಲಿ ಏನು ಸಿಕ್ಕಿತೆಂದು ಅವನು ಈವರೆಗೆ ಬಾಯಿ ಬಿಟ್ಟವನಲ್ಲ. ಕಳೆದುಹೋದ ಮದುವೆಯ ಉಂಗುರ ಸಿಕ್ಕರೆ ತೊಳೆದು, ಬೆಂಕಿಪೊಟ್ಟಣದಲ್ಲಿಟ್ಟು, ಆ ಮನೆಯ ಕಿಟಕಿಯ ಮೇಲಿಟ್ಟು ಹೋಗುತ್ತಾನೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳುವುದಿಲ್ಲ. ನಮ್ಮ ಹಿಂದಿನ ಪಾದ್ರಿಗಳ ಹಲ್ಲಿನ ಸೆಟ್ಟೂ ಹಾಗೆಯೇ ಒಂದು ಬೆಂಕಿಪೊಟ್ಟಣದಲ್ಲಿ ಮನೆ ಸೇರಿತು ಎನ್ನುತ್ತಾರೆ. ಈ ಸುದ್ದಿ ಕೊಟ್ಟವರು ಪಾದ್ರಿಗಳೇ, ಲೊಮಿಗ್ ಅಲ್ಲ.

ಆದರೆ ಅವನು ದೊಡ್ಡ ಮನುಷ್ಯನಾದದ್ದು ಲಾರಿಯಿಂದಲ್ಲ, ಗಂಟಲಿನಿಂದ. ಅವನು ಮರುದನಿಯವನು.

ನಮ್ಮ ಕಡೆ ಕುಣಿತಕ್ಕೆ ಇಬ್ಬರು ಹಾಡುತ್ತಾರೆ, ವಾದ್ಯ ಬೇಡ. ಮೊದಲ ದನಿಯವರು ಒಂದು ಸಾಲು ಹಾಡುತ್ತಾರೆ. ಆ ಸಾಲಿನ ಕೊನೆಯ ಮೂರು ಅಕ್ಷರಗಳ ಮೇಲೆ ಮರುದನಿಯವನು ಹಾರಿ ಕೂರಬೇಕು, ಮೂರನ್ನೂ ಜೊತೆಗೆ ಹಾಡಬೇಕು, ಆಮೇಲೆ ಆ ಸಾಲನ್ನೇ ಒಂದಕ್ಷರ ತಪ್ಪದೆ ಮರಳಿಸಬೇಕು. ಅವನ ಕೊನೆಯ ಮೂರು ಅಕ್ಷರಗಳ ಮೇಲೆ ಮೊದಲ ದನಿಯವರು ಮತ್ತೆ ಹಾರುತ್ತಾರೆ. ಹೀಗೆ ಅರ್ಧ ಗಂಟೆ ಹಾಡಿದರೂ ನಡುವೆ ಸೂಜಿ ತೂರುವಷ್ಟು ಮೌನವಿರುವುದಿಲ್ಲ. ಮೊದಲ ದನಿಯವರು ಹಾಡನ್ನು ತಿರುಗಿಸಬಹುದು, ಹೊಸ ಸಾಲು ಕಟ್ಟಬಹುದು, ಯಾರನ್ನಾದರೂ ಬೈಯಬಹುದು. ಮರುದನಿಯವನಿಗೆ ಒಂದೇ ಧರ್ಮ: ಬಂದದ್ದನ್ನು ಬಂದ ಹಾಗೇ ಹಿಂದಕ್ಕೆ ಕೊಡುವುದು. ಹೆಸರೆಲ್ಲ ಮೊದಲ ದನಿಗೆ. ಬೆವರು ಇಬ್ಬರಿಗೂ ಸಮಪಾಲು.

ಲೊಮಿಗ್ ಇದನ್ನು ಕಲಿತದ್ದು ಅಜ್ಜಿಯಿಂದ, ಬೀಟ್‌ರೂಟ್ ಹೊಲದಲ್ಲಿ. ಅಜ್ಜಿ ಒಂದು ಸಾಲಿನಲ್ಲಿ ಕಳೆ ಕೀಳುತ್ತಾ ಹಾಡುತ್ತಿದ್ದಳು. ಪಕ್ಕದ ಸಾಲಿನಲ್ಲಿ ಮೊಮ್ಮಗ ಮರಳಿಸಬೇಕು. ತಡವಾದರೆ ಕಿವಿಯ ಮೇಲೆ ಬೀಟಿನ ಎಲೆ ಪಟಾರೆನ್ನುತ್ತಿತ್ತು. ಅಂಥ ಗುರುಕುಲದಲ್ಲಿ ತಯಾರಾದ ಗಂಟಲು ಅದು. ಸಿಹಿ ಅಲ್ಲ, ನುಣುಪಲ್ಲ. ಉಪ್ಪು ಬೆಣ್ಣೆ ಸವರಿದ ಒಣ ರೊಟ್ಟಿಯ ಹಾಗೆ, ತಿಂದವರಿಗೆ ಇನ್ನೊಂದು ಬೇಕೆನಿಸುವಂಥದ್ದು. ಮೊದಲ ದನಿಯವಳು ಲೆಯೊಂತಿನ್ ಗೆರ್ನಾಲೆಕ್. ಅವನಿಗಿಂತ ಎಂಟು ವರ್ಷ ದೊಡ್ಡವಳು, ಒಂದೂವರೆ ಗೇಣು ಹೆಚ್ಚು ಎತ್ತರದವಳು, ನಲವತ್ತು ವರ್ಷ ಅಂಚೆ ಹಂಚಿದವಳು. ಊರಿನ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪ್ರಾಸ ಅವಳ ಸೊಂಟದ ಚೀಲದಲ್ಲಿ ಸಿದ್ಧ. ಇಬ್ಬರೂ ತೋಳಿಗೆ ತೋಳು ಸಿಕ್ಕಿಸಿ, ಕಿವಿಯ ಹಿಂದೆ ಒಂದು ಕೈ ಇಟ್ಟುಕೊಂಡು ಹಾಡಲು ಶುರುಮಾಡಿ ಮೂವತ್ತನಾಲ್ಕು ವರ್ಷವಾಯಿತು. ಅವರ ಹಾಡಿಗೆ ಕುಣಿದು ಮದುವೆಯಾದವರು, ಮದುವೆ ಮುರಿದುಕೊಂಡವರು, ಮಂಡಿ ಚಿಪ್ಪು ಬದಲಾಯಿಸಿಕೊಂಡವರು ನಮ್ಮಲ್ಲಿ ಲೆಕ್ಕವಿಲ್ಲ.

ಇಂಥ ವೀರನಿಗೂ ಒಂದು ಸೋಲಿತ್ತು. ಇಪ್ಪತ್ತು ವರ್ಷದ ಹಿಂದೆ ಪ್ಯಾರಿಸ್ಸಿನ ಒಂದು ನಾಟಕಶಾಲೆಯವರು ಇಬ್ಬರನ್ನೂ ಕರೆಸಿದ್ದರು. ನಾನೂರು ಜನ ಕತ್ತಲಲ್ಲಿ ಕೂತಿದ್ದರು. ಹೌದು, ಕೂತಿದ್ದರು. ಲೆಯೊಂತಿನ್ ಮೊದಲ ಸಾಲು ಎಸೆದಳು. ಲೊಮಿಗ್ ಬಾಯಿ ತೆರೆದ, ಏನೂ ಬರಲಿಲ್ಲ. ಅವಳು ಮತ್ತೆ ಎಸೆದಳು. ಮತ್ತೆ ಇಲ್ಲ. ಬಾವಿಗೆ ಬಿದ್ದ ಕಲ್ಲಿನ ಸದ್ದಾದರೂ ಬರಬೇಕಿತ್ತು, ಅದೂ ಇಲ್ಲ. ಕೊನೆಗೆ ಅವಳೇ ಎರಡೂ ದನಿ ಹಾಡಿ, ಉಸಿರು ಕಟ್ಟಿ, ಮೂರೇ ನಿಮಿಷಕ್ಕೆ ಮುಗಿಸಿ ಕೈಹಿಡಿದು ಎಳೆದುಕೊಂಡು ಬಂದಳು. ವಾಪಸು ರೈಲು ರೆನ್ ಊರಿಗೆ ಬಂತು. ರೆನ್‌ನಲ್ಲಿ ಕೇಳಿದಳು: "ಸ್ಯಾಂಡ್‌ವಿಚ್ ತಿಂತೀಯಾ?" ಅಷ್ಟೇ. ಊರಿಗೆ ಬಂದು, ಅವನಿಗೆ ಗಂಟಲು ಕಟ್ಟಿತ್ತು ಎಂದು ಸಾರಿದಳು.

ನಿಜ ಅವಳೊಬ್ಬಳಿಗೇ ಗೊತ್ತಿತ್ತು. ಲೊಮಿಗ್ ಹಾಡುವುದು ಕಿವಿಯಿಂದಲ್ಲ, ಅಂಗಾಲಿನಿಂದ. ಕುಣಿಯುವವರ ಕಾಲು ನೆಲಕ್ಕೆ ಬಿದ್ದ ಸದ್ದು ಅವನ ಪಾದದಿಂದ ಏರಿ, ಮಂಡಿ ದಾಟಿ, ಹೊಟ್ಟೆಯಲ್ಲಿ ಒಂದು ಸುತ್ತು ಹಾಕಿ ಗಂಟಲಿಗೆ ಬರುತ್ತದೆ. ಕಾಲಿಲ್ಲದಿದ್ದರೆ ಹಾಡಿಲ್ಲ. ಅಂದಿನಿಂದ ಕೂತ ಜನರೆದುರು ಹಾಡಲು ಯಾರು ಕರೆದರೂ ಅವನ ಲಾರಿಗೆ ಅವತ್ತೇ ತುರ್ತು ಗುಂಡಿಯೊಂದು ಸಿಕ್ಕುತ್ತಿತ್ತು.

ಈಗ ಕುರ್ಚಿಗಳ ಕತೆಗೆ ಬರೋಣ.

ನಮ್ಮೂರಿನ ಹಳೆಯ ಹಾಲಿನ ಡೈರಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಅದನ್ನು ನಮ್ಮ ಹಾಡು ಕುಣಿತಗಳ ಸಭಾಂಗಣ ಮಾಡಬೇಕೆಂದು ಒಂದು ಸಮಿತಿಯಾಯಿತು. ಲೆಯೊಂತಿನ್ ಸೇರಿ ಏಳು ಜನ, ಏಳೂ ಜನ ಕುಣಿಯುವವರು. ರಸೀದಿ ಬರೆದು ಬರೆದು ಅಕ್ಷರ ದುಂಡಗಾಗಿದ್ದರಿಂದ ಲೊಮಿಗ್ ಕಾರ್ಯದರ್ಶಿ. ಜಿಲ್ಲಾ ಕಚೇರಿಯಿಂದ ಹದಿನಾಲ್ಕು ಪುಟದ ಅರ್ಜಿ ಬಂತು. ಬಾರಿನ ಹಿಂದಿನ ಕೋಣೆಯಲ್ಲಿ ಕೂತು ಭರ್ತಿ ಮಾಡತೊಡಗಿದರು. ಎಂಟನೇ ಪ್ರಶ್ನೆಯ ಹೊತ್ತಿಗೆ ಆರು ಜನರಿಗೆ ಬಾಯಾರಿಕೆಯಾಗಿ, "ಉಳಿದಿದ್ದು ನೀನೇ ಬರಿ ಮಾರಾಯ, ನಿಂದೇ ಒಳ್ಳೆ ಕೈ" ಎಂದು ಸೇಬಿನ ಮದ್ಯ ಸೈಡರ್ ಕಡೆಗೆ ತಿರುಗಿದರು.

ಒಂಬತ್ತನೇ ಪ್ರಶ್ನೆ: ಸಭಿಕರಿಗೆ ಬೇಕಾದ ಸ್ಥಿರ ಆಸನಗಳ ಸಂಖ್ಯೆ.

ಸರಿಯಾದ ಉತ್ತರ ಸೊನ್ನೆ. ನಮ್ಮ ಕಡೆ ಕುರ್ಚಿ ಇರುವುದು ಗೋಡೆಯ ಪಕ್ಕದಲ್ಲಿ. ಅದರ ಮೇಲೆ ಕೋಟುಗಳು ಕೂರುತ್ತವೆ, ಅಜ್ಜಿಯರು ಕೂರುತ್ತಾರೆ, ಅಜ್ಜಿಯರೂ ಎರಡನೇ ಹಾಡಿಗೆ ಏಳುತ್ತಾರೆ. ಆದರೆ ಲೊಮಿಗ್‌ಗೆ ಪಕ್ಕದ ಊರು ಲಾನ್‌ಗೊರ್ವೆಲ್ ನೆನಪಾಯಿತು. ಅವರ ಸಿನಿಮಾ ಹಾಲಿನಲ್ಲಿ ನೂರ ಅರವತ್ತು ಆಸನಗಳಿವೆ ಎಂದು ಊರಿನ ಬೋರ್ಡಿನಲ್ಲೇ ಬರೆಸಿಕೊಂಡಿದ್ದಾರೆ. ಫುಟ್‌ಬಾಲಿನಲ್ಲಿ ಹನ್ನೊಂದು ವರ್ಷದಿಂದ ನಮ್ಮನ್ನು ಸೋಲಿಸುತ್ತಾ ಬಂದ ಊರು ಅದು. ಲೊಮಿಗ್ ಪೆನ್ನಿನ ಟೋಪಿ ತೆಗೆದ. ಕತ್ತಿ ಒರೆಯಿಂದ ಬಂದ ಹಾಗೆ ಬಂತು. ದುಂಡಗೆ ಬರೆದ: ನೂರ ಎಂಬತ್ತು.

ಅದು ಅವನಿಗೆ ಕುರ್ಚಿಯ ಲೆಕ್ಕವಾಗಿರಲಿಲ್ಲ, ಸೈನ್ಯದ ಲೆಕ್ಕವಾಗಿತ್ತು. ಬರೆದದ್ದು ನಿಜವಾಗಿ ಬಂದುಬಿಡುತ್ತದೆ ಎಂದು ಅವನಿಗೇನು ಗೊತ್ತು? ಅದುವರೆಗೆ ಪ್ಲುಗಾರ್ನೆವ್ ಸರ್ಕಾರಕ್ಕೆ ಬರೆದು ಕೇಳಿದ ಒಂದು ವಸ್ತುವೂ ಬಂದಿರಲಿಲ್ಲ. ಹದಿನಾಲ್ಕನೇ ಪುಟಕ್ಕೆ ಮೇಯರ್ ಅರ್ಮಾಂ ಲೆ ಬಿವಿಕ್ ಸಹಿ ಬಿತ್ತು, ಮೊಹರು ಬಿತ್ತು.

ಹಾಲ್ ಕಟ್ಟಿಸಲು ಜಿಲ್ಲೆಯವರು ಕಳಿಸಿದ್ದು ಸೊಲೀನ್ ಎಂಬ ತರುಣಿ ಆರ್ಕಿಟೆಕ್ಟನ್ನು. ಅವಳು ಒಳ್ಳೆಯ ಕೆಲಸಗಾತಿ. ನೆಲಕ್ಕೆ ಓಕ್ ಮರದ ಹಲಗೆ ಹಾಕಿಸಿ, ಬೂಟು ಬಿಚ್ಚಿ ತಾನೇ ಅದರ ಮೇಲೆ ಹಾರಿ ಹಾರಿ ಸದ್ದು ಕೇಳಿದವಳು. ಆಸನದ ಸಂಖ್ಯೆ ನೋಡಿದಾಗ ಅವಳಿಗೆ ವಿಚಿತ್ರವೆನಿಸಿ ಸಮಿತಿಗೆ ಒಂದು ಕಾಗದ ಬರೆದಳು: ನಿಮ್ಮದು ಕುಣಿಯುವ ಊರು ಎಂದು ಕೇಳಿದ್ದೇನೆ, ಇಷ್ಟು ಕುರ್ಚಿ ನಿಜಕ್ಕೂ ಬೇಕೇ, ಹದಿನೈದು ದಿನದೊಳಗೆ ತಿಳಿಸಿದರೆ ಬದಲಾಯಿಸಬಹುದು.

ಕಾಗದ ಬಂದದ್ದು ಕಾರ್ಯದರ್ಶಿಗೆ. ಬೇಡ ಎಂದು ಉತ್ತರಿಸಬೇಕಾದರೆ ಸಮಿತಿ ಸೇರಿಸಬೇಕು. ಸೇರಿಸಿದರೆ ನೂರ ಎಂಬತ್ತು ಬರೆದವನು ಯಾರು ಎಂದು ಕೇಳುತ್ತಾರೆ. ನಾಳೆ ನೋಡೋಣ ಎಂದು ಲೊಮಿಗ್ ಅದನ್ನು ಲಾರಿಯ ಮುಂದಿನ ಡಬ್ಬಿಗೆ ತುರುಕಿದ. ಹದಿನೈದು ನಾಳೆಗಳು ಕಳೆದವು.

ನವೆಂಬರಿನಲ್ಲಿ ಕುರ್ಚಿಗಳು ಬಂದವು. ನೇರಳೆ ಬಣ್ಣದ ಮಖಮಲ್ಲು. ಹನ್ನೆರಡರ ಹದಿನೈದು ಸಾಲು, ಒಂದೊಂದು ಸಾಲೂ ಒಂದೇ ಕಬ್ಬಿಣದ ತೊಲೆಯ ಮೇಲೆ, ಬೋಲ್ಟಿನಿಂದ ನೆಲಕ್ಕೆ ಬಿಗಿದದ್ದು. ಊರು ಬಾಯಿ ತೆರೆದು ನೋಡಿತು, ಆಮೇಲೆ ಅದೇ ಬಾಯಿಂದ ಸೊಲೀನ್‌ಳನ್ನು ಬೈಯಲು ಶುರುಮಾಡಿತು. ಪಟ್ಟಣದ ಹುಡುಗಿಗೆ ಕಾಲೇ ಇಲ್ಲವೆಂದರು, ಕುಂಡಿ ಮಾತ್ರ ಇದೆಯೆಂದರು. ಬಾರಿನಲ್ಲಿ ಲೊಮಿಗ್ ಗ್ಲಾಸಿನೊಳಗೆ ಇಣುಕಿ ನೋಡುತ್ತಾ ಕೂರುತ್ತಿದ್ದ. ಒಂದು ದಿನ ಯಾರೋ ಬೆನ್ನು ತಟ್ಟಿ "ಅಲ್ವೇನೋ ಲೊಮಿಗ್?" ಎಂದಾಗ "ಹೌದೌದು, ಪಟ್ಟಣದವರು" ಎಂದುಬಿಟ್ಟ. ಏಳೂರಿನ ಗುಟ್ಟು ಕಾಯ್ದವನಿಗೆ ತನ್ನದೊಂದು ಗುಟ್ಟು ಹೊಟ್ಟೆಯಲ್ಲಿ ಅರಗಲಿಲ್ಲ; ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದ. ಸೊಲೀನ್ ಮಾತ್ರ ಯಾರಿಗೂ ಎದುರು ಹೇಳಲಿಲ್ಲ. ಕೇಳಿದ್ದನ್ನು ಕೊಟ್ಟಿದ್ದೇನೆ, ಇವರೇಕೆ ಬೈಯುತ್ತಾರೆ ಎಂದು ಅವಳಿಗೆ ಅರ್ಥವೇ ಆಗಿರಲಿಲ್ಲ.

ಉದ್ಘಾಟನೆಯ ಶನಿವಾರ ಬಂತು. ಹೊರಗೆ ಶಾಮಿಯಾನದಡಿ ಕಪ್ಪು ಗೋಧಿಯ ದೋಸೆ ಹೊಯ್ಯುತ್ತಿದ್ದರು, ಸೈಡರ್ ಪೀಪಾಯಿಗಳು ಸಾಲಾಗಿ ನಿಂತಿದ್ದವು. ಒಳಗೆ ನೂರ ಎಂಬತ್ತು ಜನ ನೇರಳೆ ಮಖಮಲ್ಲಿನ ಮೇಲೆ ದಂತವೈದ್ಯನಿಗೆ ಕಾಯುವವರ ಹಾಗೆ ಕೂತಿದ್ದರು. ನಮ್ಮವರಿಗೆ ಸಂಗೀತದ ಹೊತ್ತಿನಲ್ಲಿ ಕಿರುಬೆರಳಿಗೆ ಪಕ್ಕದವರ ಕಿರುಬೆರಳು ಬೇಕು; ಸಾಲುಗಟ್ಟಿ ಕುಣಿಯುವುದೇ ಹಾಗೆ. ಇಲ್ಲಿ ಮೊಣಕೈಗೆ ಆಸರೆ ಸಿಕ್ಕಿತ್ತು, ಕಿರುಬೆರಳು ಅನಾಥವಾಗಿತ್ತು. ಮೊದಲು ಓಲಗದವರು ಊದಿದರು. ಮೂರನೇ ಸಾಲಿನ ಹಂದಿ ಸಾಕುವವನ ಮಂಡಿಗಳು ಬುಟ್ಟಿಯ ಮೀನಿನಂತೆ ಎಗರತೊಡಗಿದವು. ಅವನ ಹೆಂಡತಿ ಎರಡೂ ಕೈಯಿಂದ ಅವನ್ನು ಒತ್ತಿ ಹಿಡಿದುಕೊಂಡಳು. ಆಮೇಲೆ ಅಕಾರ್ಡಿಯನ್ ಅಣ್ಣತಮ್ಮಂದಿರು ನುಡಿಸಿದರು. ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ತಮ್ಮ ಚಪ್ಪಾಳೆ ತಾವೇ ಕೇಳಿ ಗಾಬರಿಯಾದರು. ಕುಣಿಯುವವರು ಚಪ್ಪಾಳೆ ತಟ್ಟುವುದು ಯಾವಾಗ?

ವೇದಿಕೆಯ ಹಿಂದೆ, ಹಿಂದೊಮ್ಮೆ ಚೀಸ್ ಇಡುತ್ತಿದ್ದ ತಣ್ಣನೆಯ ಕೋಣೆಯಲ್ಲಿ, ಲೊಮಿಗ್ ತನ್ನ ಒಂದೇ ಒಂದು ಕೋಟಿನೊಳಗೆ ಬೆವರುತ್ತಾ ನಿಂತಿದ್ದ.

"ಲೆಯೊಂತಿನ್, ನಂಗಾಗಲ್ಲ."

"ಏನಾಗಲ್ಲ?"

"ಪ್ಯಾರಿಸ್ಸಲ್ಲಿ ಆಯ್ತಲ್ಲ, ಅದೇ ಆಗುತ್ತೆ. ಅಲ್ಲಾದ್ರೆ ಪರದೇಸಿಗಳು ನೋಡಿದ್ರು. ಇಲ್ಲಿ ನನ್ ಹೆಂಡ್ತಿ ಕೂತಿದಾಳೆ, ಹಾಲಿನವನು ಕೂತಿದಾನೆ, ಲಾನ್‌ಗೊರ್ವೆಲ್‌ನಿಂದ ಒಂದು ವ್ಯಾನ್ ತುಂಬ ಬಂದಿದಾರೆ. ಕಾಲಿನ ಸದ್ದೇ ಇಲ್ಲ ನೋಡು. ಸತ್ತ ಮನೆ ಥರ ಇದೆ."

"ಕೂತವರನ್ನ ನಾನೇನ್ ಎತ್ತಿ ನಿಲ್ಲಿಸ್ಲಾ?"

"ಗುಂಡಿ ತುಂಬಿದೆ ಅಂತ ಫೋನ್ ಬಂತು ಅಂತ ಹೇಳ್ಬಿಡು."

"ಶನಿವಾರ ರಾತ್ರಿ ಒಂಬತ್ತಕ್ಕೆ? ಯಾರ್ದು, ದೇವರದ್ದಾ?"

ಲೊಮಿಗ್ ಗೋಡೆಗೆ ಒರಗಿದ. "ಇನ್ನೊಂದಿದೆ. ಆ ನೂರ ಎಂಬತ್ತು..."

"ನೀನೇ ಬರೆದಿದ್ದು."

"ನಿಂಗ್ ಹೇಗ್ ಗೊತ್ತು!"

"ನಿನ್ ಪಕ್ಕದಲ್ಲೇ ಕೂತಿದ್ನಲ್ಲೋ, ಮುದಿ ಹುಡ್ಗ. ನಲ್ವತ್ತು ವರ್ಷ ತಲೆಕೆಳಗಾದ ವಿಳಾಸ ಓದಿದೀನಿ, ನಿನ್ ದುಂಡಕ್ಷರ ಓದಕ್ಕೆ ಬರಲ್ವಾ?"

"ಮತ್ತೆ ತಡೀಲಿಲ್ಲ ಯಾಕೆ?"

"ತಡೀಬೇಕಾ? ನಾನಾಗಿದ್ರೆ ಇನ್ನೂರು ಬರೀತಿದ್ದೆ." ಅವನ ಕಾಲರು ಸರಿಮಾಡಿದಳು. "ನಡಿ. ಬರೋದು ಬರ್ಲಿ."

ಕಾಗದದ ವಿಷಯ ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಮೇಯರನ ದನಿ ಕೇಳಿಸಿತು.

ಅರ್ಮಾಂ ಲೆ ಬಿವಿಕ್ ಎದೆಯ ಮೇಲೆ ಮೂರು ಬಣ್ಣದ ಪಟ್ಟಿ ಧರಿಸಿ ಮೈಕಿನ ಮುಂದೆ ನಿಂತಿದ್ದ. ಹಿಂದಿನವರು ಹೊಸ ಮನೆಯ ಮಣ್ಣಿನ ನೆಲ ಗಟ್ಟಿಯಾಗಲೆಂದು ಊರನ್ನೇ ಕರೆದು ಕುಣಿಸುತ್ತಿದ್ದರು ಎಂದು ಶುರುಮಾಡಿದ. "ನಮ್ ಹಿರೀಕರು ಹೊಸ ನೆಲವನ್ನ ತುಳಿದ್ರು. ನಾವು ನೋಡಿ, ಅದರ ಮೇಲೆ ಕೂತಿದೀವಿ! ಸಾವಿರ ವರ್ಷದಲ್ಲಿ ಯಾವ ಸೈನ್ಯಕ್ಕೂ ನಮ್ಮನ್ನ ಕೂರಿಸಕ್ಕಾಗಿರ್ಲಿಲ್ಲ. ನಮ್ ಆರ್ಕಿಟೆಕ್ಟ್ ಮೇಡಂ ಒಬ್ರೇ ಬಂದು ಕೂರಿಸ್ಬಿಟ್ರು. ಅವರಿಗೊಂದು ಚಪ್ಪಾಳೆ!"

ಜನ ಗೊಳ್ಳೆಂದು ನಕ್ಕರು. ಮುಂದಿನ ಸಾಲಿನಲ್ಲಿ ಸೊಲೀನ್ ಕೂಡ ನಕ್ಕಳು, ಆದರೆ ಅವಳ ಕಿವಿಗಳು ಕೆಂಪಾದವು. ವೇದಿಕೆ ಹತ್ತಿ ಬರುತ್ತಿದ್ದ ಲೊಮಿಗ್‌ಗೆ ಇಡೀ ಸಭೆಯಲ್ಲಿ ಕಂಡದ್ದು ಆ ಎರಡು ಕಿವಿ ಮಾತ್ರ.

ಲೆಯೊಂತಿನ್ ತೋಳು ಸಿಕ್ಕಿಸಿಕೊಂಡಳು. ಕೈಯನ್ನು ಕಿವಿಗಿಟ್ಟು ಮೊದಲ ಸಾಲು ಎಸೆದಳು. ಅವಳ ದನಿ ಓಕ್ ನೆಲದ ಮೇಲೆ ಉರುಳಿ ಹಿಂದಿನ ಗೋಡೆ ಮುಟ್ಟಿತು. ಕೊನೆಯ ಮೂರು ಅಕ್ಷರ ಬಂದವು. ಲೊಮಿಗ್ ಬಾಯಿ ತೆರೆದ. ಅಂಗಾಲಿನ ಕೆಳಗೆ ನೆಲ ಹೆಣದಂತೆ ಮಲಗಿತ್ತು.

ಏನೂ ಬರಲಿಲ್ಲ.

ಅವಳು ಮತ್ತೆ ಎಸೆದಳು. ಮತ್ತೆ ಮೂರು ಅಕ್ಷರ. ಮತ್ತೆ ತೆರೆದ ಬಾಯಿ. ಲಾನ್‌ಗೊರ್ವೆಲ್‌ನವರು ಕುರ್ಚಿಯ ತುದಿಗೆ ಬಂದರು. ಅವನ ಹೆಂಡತಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಲೆಯೊಂತಿನ್ ಮೂರನೆಯ ಸಲ ಉಸಿರು ಎಳೆದುಕೊಂಡಾಗ ಲೊಮಿಗ್ ಅವಳ ತೋಳು ಬಿಡಿಸಿಕೊಂಡು ಮೈಕಿನ ಹತ್ತಿರ ಹೋದ. ಹಾಡು ಬರದ ಗಂಟಲಿನಿಂದ ಮಾತು ಬಂತು.

"ಆ ಹುಡ್ಗಿದು ತಪ್ಪಿಲ್ಲ," ಎಂದ. "ಅರ್ಜೀಲಿ ಎಷ್ಟು ಕುರ್ಚಿ ಅಂತ ಕೇಳಿದ್ರು. ನೂರ ಎಂಬತ್ತು ಅಂತ ಬರೆದೋನು ನಾನು."

ಆಮೇಲೆ ಹಿಂದಿನ ಸಾಲಿನಿಂದ ಹೆಂಗಸೊಬ್ಬಳು ಕೂಗಿದಳು: "ಯಾಕೋ?"

"ಲಾನ್‌ಗೊರ್ವೆಲ್‌ನಲ್ಲಿ ನೂರ ಅರವತ್ತಿತ್ತು."

ಸಭೆ ಸ್ಫೋಟಿಸಿತು. "ಅಯ್ಯೋ ದರಿದ್ರದವ್ನೇ!" "ಮೂರು ವಾರ ನನ್ ಜೊತೆ ಸೇರಿ ಬೈದ್ಯಲ್ಲೋ ಆ ಹುಡ್ಗೀನ!" "ಅವನ ಲಾರಿಗೇ ಅವನನ್ನ ತುಂಬ್ರೋ!" ಲಾನ್‌ಗೊರ್ವೆಲ್‌ನವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಶಿಳ್ಳೆ ಹಾರಿತು. ಆಮೇಲೆ ನಮ್ಮವರು ತಿರಸ್ಕಾರ ತೋರಿಸಲು ಏನು ಮಾಡುತ್ತಾರೋ ಅದನ್ನೇ ಮಾಡಿದರು: ಕೂತಲ್ಲೇ ಕಾಲಿನಿಂದ ನೆಲ ಕುಟ್ಟತೊಡಗಿದರು.

ಮುನ್ನೂರ ಅರವತ್ತು ಬೂಟುಗಳು. ಮೊದಲು ಮೂಟೆಯಿಂದ ಆಲೂಗಡ್ಡೆ ಸುರಿದ ಹಾಗೆ ಅಡ್ಡಾದಿಡ್ಡಿ. ಆದರೆ ಪ್ಲುಗಾರ್ನೆವ್‌ನ ಕಾಲಿಗೆ ಒಂದು ರೋಗವಿದೆ, ಅದಕ್ಕೆ ಅಡ್ಡಾದಿಡ್ಡಿಯಾಗಿ ಕುಟ್ಟಲು ಬರುವುದಿಲ್ಲ. ಹತ್ತು ಏಟಿಗೆ ಮೂರನೇ ಸಾಲು ಒಂದಾಯಿತು. ಇಪ್ಪತ್ತಕ್ಕೆ ಎಡಗಡೆಯ ಸಾಲುಗಳೆಲ್ಲ ಒಂದಾದವು. ಮೂವತ್ತಕ್ಕೆ ಇಡೀ ಸಭೆ ಲೊಮಿಗ್‌ನನ್ನು ಒಂದೇ ತಾಳದಲ್ಲಿ ಬೈಯುತ್ತಿತ್ತು. ನಮ್ಮೂರ ಕುಣಿತದ ತಾಳ ಅದು. ಅಜ್ಜಂದಿರು ಮಣ್ಣಿನ ನೆಲ ಬಡಿದ ತಾಳ. ಓಕ್ ಹಲಗೆ ಗುಡುಗಿತು.

ಲೊಮಿಗ್ ತಲೆತಗ್ಗಿಸಿ ನಿಂತಿದ್ದವನು ತನ್ನ ಪಾದಗಳನ್ನು ನೋಡಿಕೊಂಡ. ಏನೋ ಏರುತ್ತಿತ್ತು. ಮಂಡಿ ದಾಟಿತು. ಲೆಯೊಂತಿನ್‌ಗೆ ಅವನ ಕತ್ತಿನ ನರ ಕಂಡಿತು. ಮೂವತ್ತನಾಲ್ಕು ವರ್ಷದ ಪರಿಚಯ ಆ ನರದ್ದು. ಹಾರಿ ಅವನ ತೋಳು ಹಿಡಿದಳು. ಕಾರ್ಯಕ್ರಮದ ಪಟ್ಟಿಯಲ್ಲಿದ್ದ ಹಾಡನ್ನು ಬಿಟ್ಟು, ಆ ತಾಳದ ಮೇಲೆ, ಅಲ್ಲೇ ಕಟ್ಟಿದ ಸಾಲೊಂದನ್ನು ಎಸೆದಳು:

"ಕೇಳಿರಿ ಕೇಳಿರಿ ಊರಿನ ಜನರೇ, ಪೆನ್ನನು ಹಿಡಿದ ಗಂಡು..."

ಕೊನೆಯ ಮೂರು ಅಕ್ಷರದ ಮೇಲೆ ಲೊಮಿಗ್ ಬಂದು ಕೂತ. ಕೂತನೆಂದರೆ ಹದ್ದು ಕೋಳಿಯ ಮೇಲೆ ಕೂತ ಹಾಗೆ. ಆ ಒಣ ರೊಟ್ಟಿಯ ದನಿ ನೂರ ಎಂಬತ್ತು ತಲೆಗಳ ಮೇಲೆ ಹಾರಿತು. ಅವನ ಹೆಂಡತಿಯ ಕೈಚೀಲ ನೆಲಕ್ಕೆ ಬಿತ್ತು.

"ಎಣಿಸಲು ಬಂದರೂ ಯೋಚಿಸಲಾರ, ಬರೆದನು ಕುರ್ಚಿಯ ಹಿಂಡು!"

ಮರುದನಿಯವನ ಧರ್ಮ ಮೀರುವ ಹಾಗಿಲ್ಲ. ತನ್ನ ಗಂಟಲಿನಿಂದ, ತನ್ನ ಹೆಂಡತಿಯ ಮುಂದೆ, ಅವನು ಅದನ್ನು ಅಕ್ಷರ ಬಿಡದೆ ಮರಳಿಸಿದ: ಎಣಿಸಲು ಬಂದರೂ ಯೋಚಿಸಲಾರ.

"ಪಕ್ಕದ ಊರಿಗೆ ನೂರರವತ್ತಂತೆ, ಹೊಟ್ಟೆಗೆ ಬಿದ್ದಿತು ಕೆಂಡ! ಇಪ್ಪತ್ತು ಹೆಚ್ಚಿಗೆ ಬರೆದನು ನೋಡಿರಿ, ಲಾರಿಯ ಶೂರ ಪ್ರಚಂಡ!"

ಅದನ್ನೂ ಮರಳಿಸಿದ. ಲೆಯೊಂತಿನ್ ಎಂದರೆ ನಮ್ಮ ನಡುಭಾಗದ ಸರಸ್ವತಿ ಮತ್ತು ಪೊಲೀಸು ಎರಡೂ. ಅವನ ಮೂಗನ್ನು ಹಾಡಿದಳು, ಲಾರಿಯನ್ನು ಹಾಡಿದಳು, ಮೂರು ವಾರದಲ್ಲಿ ಇಳಿದ ನಾಲ್ಕು ಕಿಲೋವನ್ನೂ ಹಾಡಿದಳು. ಪ್ರತಿಯೊಂದು ಏಟನ್ನೂ ಲೊಮಿಗ್ ತಾನೇ ಎರಡನೆಯ ಸಲ ತನಗೆ ಹೊಡೆದುಕೊಂಡ, ಕಾಲ ತಪ್ಪದೆ, ಶ್ರುತಿ ಬಿಡದೆ. ಯುದ್ಧದಲ್ಲಿ ಎದುರಾಳಿಯ ಬಾಣ ಹಿಡಿದು ತನ್ನ ಎದೆಗೇ ನೆಟ್ಟುಕೊಳ್ಳುವ ಯೋಧನನ್ನು ಯಾವ ಕವಿಯೂ ಹಾಡಿಲ್ಲ. ನಾವು ಕಣ್ಣಾರೆ ಕಂಡೆವು.

ಹಾಡಿನ ಐದನೇ ಸಾಲಿನ ಹೊತ್ತಿಗೇ ಕೂರಲು ಯಾರಿಗೂ ಆಗಲಿಲ್ಲ. ಎದ್ದರು, ಕುರ್ಚಿಗಳ ಆಸನಗಳು ಪಟಪಟನೆ ಮೇಲಕ್ಕೆ ಮಡಚಿಕೊಂಡವು. ಕಿರುಬೆರಳಿಗೆ ಕಿರುಬೆರಳು ಸಿಕ್ಕಿತು. ನಮ್ಮ ಕುಣಿತ ಎಡಕ್ಕೆ ಸಾಗುತ್ತದೆ, ಆದರೆ ಕುರ್ಚಿಸಾಲಿನ ನಡುವೆ ಎಡಕ್ಕೆ ಎಲ್ಲಿ ಹೋಗುವುದು? ಗೋಡೆಗೆ ಬಡಿದು ನಿಂತರು, ನಿಂತಲ್ಲೇ ಕುಟ್ಟಿದರು. ನಾಲ್ಕನೇ ಸಾಲಿನ ಬೋಲ್ಟುಗಳು ಕೊನೆಯ ದಿನದ ಅವಸರದಲ್ಲಿ ಸರಿಯಾಗಿ ಬಿಗಿಯಾಗಿರಲಿಲ್ಲವೆಂದು ಕಾಣುತ್ತದೆ. ಹನ್ನೆರಡು ರೈತರ ಮೀನಖಂಡಗಳ ನೂಕಿಗೆ ಆ ಸಾಲು, ಮಖಮಲ್ಲಿನ ಸಮೇತ, ಎಡಕ್ಕೆ ಒಂದು ಗೇಣು ಕುಣಿಯಿತು.

"ಹೇ, ಇದು ಬರುತ್ತೆ ಕಣ್ರೋ!" ಎಂದು ಹಂದಿ ಸಾಕುವವನು ಕಿರುಚಿದ. "ಹದಿಮೂರನೇ ನಂಬರ್ ಸ್ಪ್ಯಾನರ್ ಯಾರತ್ರ ಇದೆ?"

ಪ್ಲುಗಾರ್ನೆವ್‌ನಲ್ಲಿ ಕರ್ಚೀಫು ಮರೆತು ಬಂದವರಿದ್ದಾರೆ, ಸ್ಪ್ಯಾನರ್ ಮರೆತು ಬಂದವರಿಲ್ಲ. ಜನ ಕಾರುಗಳ ಕಡೆಗೆ ಓಡತೊಡಗಿದರು. ಸೊಲೀನ್ ಅಷ್ಟು ಹೊತ್ತೂ ಮುಂದಿನ ಸಾಲಿನಲ್ಲಿ ಕೈ ಮಡಚಿ ಕೂತೇ ಇದ್ದಳು.

ಅವಳು ಕೂತಿರುವುದನ್ನು ಲೊಮಿಗ್ ಕಂಡ. ಆಗ, ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಕಾಣದ ಒಂದು ಘಟನೆ ನಡೆಯಿತು. ಲೆಯೊಂತಿನ್ ತನ್ನ ಮುಂದಿನ ಸಾಲಿಗೆ ಬಾಯಿ ತೆರೆಯುವ ಮೊದಲೇ ಮರುದನಿಯವನು ತಾನೇ ಒಂದು ಸಾಲು ಎಸೆದ:

"ಕುರ್ಚಿ ನಿಮಗೆ ಬೇಕೇ ಎಂದು ಕಾಗದ ಬರೆದಳು ಹುಡುಗಿ! ಲಾರಿಯ ಡಬ್ಬಿಗೆ ತುರುಕಿದೆ ಅದನು, ಕುಳಿತೆನು ಬಾರಲಿ ಅಡಗಿ!"

ಲೆಯೊಂತಿನ್‌ಳ ಹುಬ್ಬು ಕೂದಲಿನವರೆಗೆ ಏರಿತು. ಇದು ಅವಳಿಗೂ ಗೊತ್ತಿರಲಿಲ್ಲ. ಆದರೆ ಮೂರು ಅಕ್ಷರ ಹತ್ತಿರ ಬರುತ್ತಿದ್ದವು, ಧರ್ಮ ಧರ್ಮವೇ. ಊರಿನ ಮೊದಲ ದನಿ ಮರುದನಿಯಾಗಿ ಅದನ್ನು ಹಿಡಿದು, ಒಂದಕ್ಷರ ಬಿಡದೆ, ಕಿಟಕಿಗಳು ನಡುಗುವ ಹಾಗೆ ಮರಳಿಸಿದಳು. ಈಗ ಎಲ್ಲರೂ ಸೊಲೀನ್‌ಳ ಕಡೆಗೆ ತಿರುಗಿದರು. ಬೈದ ಬಾಯಿಗಳೆಲ್ಲ ಮುಚ್ಚಿದ್ದವು, ಕಾಲು ಮಾತ್ರ ಕುಟ್ಟುತ್ತಿದ್ದವು.

ಸೊಲೀನ್ ಎದ್ದಳು. ಬೂಟಿನ ಸಮೇತ ನೇರಳೆ ಮಖಮಲ್ಲಿನ ಮೇಲೆ ಹತ್ತಿದಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು:

"ಹದಿಮೂರಲ್ಲ! ಹದಿನೇಳು!"

ಆಮೇಲಿನದು ದಂಡಯಾತ್ರೆ. ಸಾಲಿಗೆ ಆರು ಬೋಲ್ಟು, ಹದಿನೈದು ಸಾಲು. ನೆಲದ ಮೇಲೆ ಬೋರಲು ಬಿದ್ದ ಗಂಡಸರ ಬೆನ್ನು ದಾಟಿಕೊಂಡು ಹೆಂಗಸರು ಕುಣಿಯುತ್ತಿದ್ದರು. ಕಳಚಿದ ಸಾಲುಗಳನ್ನು ಲಾನ್‌ಗೊರ್ವೆಲ್‌ನವರೇ ಹೆಗಲ ಮೇಲೆ ಹೊತ್ತು ಹೊರಗಿನ ಶಾಮಿಯಾನದಡಿ ಇಟ್ಟರು, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾ. ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ವೇದಿಕೆಯ ಮೇಲಿನ ಇಬ್ಬರು ಒಂದು ಕ್ಷಣ ನಿಲ್ಲಿಸಲಿಲ್ಲ. ಕೊನೆಯ ಸಾಲು ಬಾಗಿಲು ದಾಟಿದಾಗ ಇಬ್ಬರೂ ಹಾಡುತ್ತಲೇ ಮೆಟ್ಟಿಲಿಳಿದು ಹಲಗೆಯ ನಡುವೆ ನಿಂತರು. ಕಿರುಬೆರಳು ಹಿಡಿದವರ ಸರಪಳಿ ಅವರನ್ನು ಸುತ್ತಿಕೊಂಡು ಎಡಕ್ಕೆ ತಿರುಗತೊಡಗಿತು. ಸೊಲೀನ್ ಲೊಮಿಗ್‌ನ ಹೆಂಡತಿ ಮತ್ತು ಹಂದಿ ಸಾಕುವವನ ನಡುವೆ ಸಿಕ್ಕಿಕೊಂಡು, ಬಲಗಾಲು ಹಾಕಬೇಕಾದಲ್ಲಿ ಎಡಗಾಲು ಹಾಕುತ್ತಾ, ಕಿರುಬೆರಳು ಊದಿಸಿಕೊಂಡು ಸುತ್ತುತ್ತಿದ್ದಳು.

ಲೊಮಿಗ್‌ನ ಮುಂದೆ ಹಾದುಹೋಗುವಾಗ ಅವಳು ಕೂಗಿದಳು: "ಉತ್ತರ ಇನ್ನೂ ಬಂದಿಲ್ಲ ನಂಗೆ!"

ಅವನು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ, ಬಾಯಿ ಕೆಲಸದಲ್ಲಿತ್ತು. ಟೋಪಿ ತೆಗೆದು, ಎದೆಗೆ ಹಿಡಿದು, ಸೊಂಟದವರೆಗೆ ಬಾಗಿದ. ಬಾಗಿದ್ದೂ ತಾಳಕ್ಕೆ ಸರಿಯಾಗಿಯೇ ಇತ್ತು. ಅವಳು ಮುಂದಿನ ಸುತ್ತಿಗೆ ಬರುವಾಗ ಸರಿಯಾದ ಕಾಲು ಹಾಕುತ್ತಿದ್ದಳು.

ಅವಳ ಸಾಲು ನಡೆದಿದ್ದಾಗ ಸಿಕ್ಕ ಒಂದು ಸಣ್ಣ ಸಂದಿನಲ್ಲಿ ಲೊಮಿಗ್ ಲೆಯೊಂತಿನ್‌ಳ ಕಿವಿಯಲ್ಲಿ ಕೇಳಿದ: "ಮುಗೀತಾ ನಂದು?"

"ಮುಗೀತು," ಎಂದಳು ಅವಳು, ಅವನು ಮರಳಿಸುತ್ತಿದ್ದಾಗ. ಅವಳ ಕಣ್ಣು ಸರಪಳಿಯ ಮೇಲೆ ಓಡಿ ಒಂದು ಕಡೆ ನಿಂತಿತು. ಅಲ್ಲಿ ಮೇಯರ್ ಅರ್ಮಾಂ ಲೆ ಬಿವಿಕ್ ಇಬ್ಬರು ದಪ್ಪ ಹೆಂಗಸರ ಕಿರುಬೆರಳಿಗೆ ಸಿಕ್ಕಿ, ಎಲ್ಲರ ಜೊತೆ ನಗುತ್ತಾ, ನಿಶ್ಚಿಂತೆಯಿಂದ ಕುಣಿಯುತ್ತಿದ್ದ. ಕುಣಿತ ನಿಲ್ಲುವವರೆಗೆ ಸರಪಳಿ ಬಿಟ್ಟು ಹೋಗುವುದು ನಮ್ಮಲ್ಲಿ ಇಲ್ಲ. ಲೆಯೊಂತಿನ್ ಎದೆ ತುಂಬ ಗಾಳಿ ಎಳೆದುಕೊಂಡಳು:

"ಮೂರು ಬಣ್ಣದ ಪಟ್ಟಿಯ ಧರಿಸಿ ಓದದೆ ಹಾಕಿದ ಸಹಿಯ..."

ಲೊಮಿಗ್ ಕೊನೆಯ ಮೂರು ಅಕ್ಷರಗಳಿಗೆ ಕಾಯಲಿಲ್ಲ. ಐದು ಅಕ್ಷರ ಮೊದಲೇ ಹಾರಿ ಹಿಡಿದ. ಅವನು ಕಾಲಕ್ಕೆ ಮುಂಚೆ ದನಿ ಹಾಕಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ.